ಹೊಟ್ಟೆ ಡಯಾಲಿಸಿಸ್: ಯಂತ್ರ ಚಿಕ್ಕದಾಯ್ತು, ನೀರಿನ ಭಾರ ಇಳಿಯಲಿಲ್ಲ

ರಾತ್ರಿ ಒಂಬತ್ತು ಗಂಟೆ. ಊಟ ಮುಗಿದಿದೆ. ಕೋಣೆಯ ಕಿಟಕಿ ಮುಚ್ಚಿ, ಫ್ಯಾನ್ ಆಫ್ ಮಾಡುತ್ತಾರೆ. ಮಂಗಳೂರಿನ ಏಪ್ರಿಲ್ ಸೆಕೆಯಲ್ಲೂ ಅಷ್ಟೇ, ಈ ಹೊತ್ತಿನಲ್ಲಿ ಫ್ಯಾನ್ ತಿರುಗುವ ಹಾಗಿಲ್ಲ. ಧೂಳು ಹಾರಬಾರದು. ಬಳೆ, ಉಂಗುರ, ವಾಚು ತೆಗೆದಿಟ್ಟು, ಮಾಸ್ಕ್ ಹಾಕಿಕೊಂಡು, ಸೋಪಿನಲ್ಲಿ ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಬೇಕು. ಮಂಚದ ಪಕ್ಕದ ಸ್ಟೂಲಿನ ಮೇಲೆ ಹಳೇ ವಿಸಿಆರ್ ತರಹದ ಒಂದು ಪೆಟ್ಟಿಗೆ. ಅದರ ತಲೆಯ ಮೇಲೆ ಐದು ಲೀಟರಿನ ದ್ರಾವಣದ ಬ್ಯಾಗು ಬೆಚ್ಚಗಾಗುತ್ತಾ ಮಲಗಿದೆ. ಹೊಕ್ಕುಳಿನ ಪಕ್ಕದಿಂದ ಹೊರಬಂದ ತೆಳು ಟ್ಯೂಬನ್ನು ಯಂತ್ರದ ಟ್ಯೂಬಿಗೆ ಜೋಡಿಸುವ ಆ ಕೆಲವು ಸೆಕೆಂಡು ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಜೋಡಿಸುವ ತುದಿಗೆ ಬೆರಳು ತಾಗಿದರೆ ಕಥೆ ಬೇರೆ. ಆಮೇಲೆ ಬಟನ್ ಒತ್ತಿ ಮಲಗುವುದು. ಬೆಳಗ್ಗೆ ಆರಕ್ಕೆ ಟ್ಯೂಬ್ ಬಿಚ್ಚಿ, ಸ್ನಾನ ಮಾಡಿ, ಕೆಲಸಕ್ಕೆ ಹೊರಡುವುದು.

ಇದು ಆಟೊಮೇಟೆಡ್ ಪೆರಿಟೋನಿಯಲ್ ಡಯಾಲಿಸಿಸ್. ಆಸ್ಪತ್ರೆಯವರು ಎಪಿಡಿ ಎನ್ನುತ್ತಾರೆ. ಯಂತ್ರಕ್ಕೆ ಸೈಕ್ಲರ್ ಎಂದು ಹೆಸರು. ಕಿಡ್ನಿ ಪೂರ್ತಿ ಕೈಕೊಟ್ಟವರಿಗೆ ನಿದ್ದೆಯಲ್ಲೇ ಡಯಾಲಿಸಿಸ್ ಮುಗಿಸಿಕೊಡುವ ಉಪಾಯ ಇದು. ಕೇಳಿದರೆ ಮುಂದಿನ ಕಾಲದ ಮಾತಿನಂತಿದೆ. ನಿಜ ಹೇಳಬೇಕೆಂದರೆ ಇದು ಹಳೆಯದು. ಹಾಗಾದರೆ ಇಷ್ಟು ದಿನವಾದರೂ ನಮ್ಮ ಕಡೆ ಯಾಕೆ ಕಾಣುವುದಿಲ್ಲ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಅದರ ಭವಿಷ್ಯವೂ ಅಲ್ಲೇ ಸಿಗುತ್ತದೆ.

ಮೊದಲು ಕೆಲಸ ಹೇಗೆ ನಡೆಯುತ್ತದೆ ನೋಡೋಣ. ನಮ್ಮ ಕರುಳು, ಹೊಟ್ಟೆಯ ಒಳಗೋಡೆ ಎಲ್ಲವನ್ನೂ ಹೊದ್ದುಕೊಂಡಿರುವ ಒಂದು ತೆಳು ಪೊರೆ ಇದೆ. ಅದೇ ಪೆರಿಟೋನಿಯಂ. ಬಿಡಿಸಿ ಹಾಸಿದರೆ ಹೆಚ್ಚುಕಡಿಮೆ ಮೈಚರ್ಮದಷ್ಟೇ ಅಗಲ. ಅದರ ತುಂಬ ಸಣ್ಣ ಸಣ್ಣ ರಕ್ತನಾಳಗಳು. ಹೊಟ್ಟೆಯೊಳಗೆ ಎರಡು ಲೀಟರ್ ದ್ರಾವಣ ಬಿಟ್ಟು ಕೆಲವು ಗಂಟೆ ಕಾದರೆ ರಕ್ತದಲ್ಲಿರುವ ಯೂರಿಯಾ, ಕ್ರಿಯಾಟಿನಿನ್ ಎಂಬ ಕಲ್ಮಶಗಳು, ಹೆಚ್ಚಾದ ಪೊಟ್ಯಾಶಿಯಂ ಆ ಪೊರೆಯ ಮೂಲಕ ದ್ರಾವಣಕ್ಕೆ ಇಳಿಯುತ್ತವೆ. ದ್ರಾವಣದಲ್ಲಿರುವ ಸಕ್ಕರೆ ಅಂಶ ಮೈಯಲ್ಲಿ ತುಂಬಿಕೊಂಡ ನೀರನ್ನೂ ಎಳೆಯುತ್ತದೆ. ಉಪ್ಪು ಹಾಕಿಟ್ಟ ಮಾವಿನಕಾಯಿ ನೀರು ಬಿಡುತ್ತದಲ್ವಾ, ಅದೇ ಲೆಕ್ಕ. ಆಮೇಲೆ ಹಳೆಯದನ್ನು ಹೊರಗೆ ಹರಿಸಿ ಹೊಸದನ್ನು ತುಂಬುವುದು. ಸಕ್ಕರೆಯ ಪ್ರಮಾಣ ಶೇ. 1.5, 2.5, 4.25 ಎಂದು ಮೂರು ಬಗೆ. ಹೆಚ್ಚು ಬಳಕೆಯಲ್ಲಿರುವ ಬ್ರ್ಯಾಂಡಿನ ಬ್ಯಾಗುಗಳಲ್ಲಿ ಇವಕ್ಕೆ ಹಳದಿ, ಹಸಿರು, ಕೆಂಪು ಗುರುತು. ಹಾಗಾಗಿ ಮನೆಯವರು ಶೇಕಡಾ ಲೆಕ್ಕ ಹೇಳುವುದಿಲ್ಲ. "ಇವತ್ತು ಕಾಲು ಊದಿದೆ, ಹಸಿರು ಹಾಕೋಣ" ಎನ್ನುತ್ತಾರೆ.

ಇದನ್ನು ಕೈಯಲ್ಲೇ, ದಿನಕ್ಕೆ ಮೂರು ನಾಲ್ಕು ಸಲ, ಪ್ರತಿ ಸಲ ಅರ್ಧ ಗಂಟೆ ಕೂತು ಮಾಡಿದರೆ ಸಿಎಪಿಡಿ. ರಾತ್ರಿ ಎಂಟು ಹತ್ತು ಗಂಟೆಯಲ್ಲಿ ಯಂತ್ರವೇ ನಾಲ್ಕೈದು ಸಲ ತುಂಬಿ ಹರಿಸಿದರೆ ಎಪಿಡಿ.

1960ರ ದಶಕದ ಶುರುವಿನಲ್ಲೇ ಅಮೆರಿಕದ ಸಿಯಾಟಲ್‌ನಲ್ಲಿ ಫ್ರೆಡ್ ಬೋಯೆನ್ ಎಂಬ ಡಾಕ್ಟರ್ ದೊಡ್ಡ ದೊಡ್ಡ ಜಾಡಿಗಳಲ್ಲಿ ದ್ರಾವಣ ತುಂಬಿಟ್ಟು ತಾನಾಗೇ ಹರಿಯುವ ವ್ಯವಸ್ಥೆ ಮಾಡಿದ್ದರು. 1968ರಲ್ಲಿ ಹೆನ್ರಿ ಟೆಂಕಾಫ್ ಹೊಟ್ಟೆಯಲ್ಲಿ ಕಾಯಂ ಆಗಿ ಕೂರುವ ಸಿಲಿಕಾನ್ ಟ್ಯೂಬ್ ರೂಪಿಸಿದರು. ಇವತ್ತಿಗೂ ಅದೇ ಟ್ಯೂಬ್, ಅದೇ ಹೆಸರು. ಸಿಎಪಿಡಿ ಬಂದದ್ದು ಇವೆಲ್ಲದರ ನಂತರ, 1976ರಲ್ಲಿ. ಟೆಕ್ಸಾಸಿನ ಎಂಜಿನಿಯರ್ ಪೊಪೊವಿಚ್ ಮತ್ತು ಡಾಕ್ಟರ್ ಮಾಂಕ್ರೀಫ್ ಅದರ ಬಗ್ಗೆ ಕಳಿಸಿದ ಮೊದಲ ಬರಹವನ್ನು ಸಮ್ಮೇಳನದವರು ವಾಪಸ್ ಕಳಿಸಿದ್ದರಂತೆ! ಅಂದರೆ ಯಂತ್ರ ಮೊದಲು, ಕೈಕೆಲಸ ಆಮೇಲೆ. ಯಂತ್ರ ದುಬಾರಿ, ಜಾಡಿ ಭಾರ ಎಂದು ಜನ ಕೈಕೆಲಸದ ಕಡೆ ಹೊರಳಿದರು. 1990ರ ದಶಕದಲ್ಲಿ ಸೈಕ್ಲರ್ ಸೂಟ್‌ಕೇಸಿನಷ್ಟು ಚಿಕ್ಕದಾದ ಮೇಲೆ ಶ್ರೀಮಂತ ದೇಶಗಳಲ್ಲಿ ಅದು ಮತ್ತೆ ಹಬ್ಬಿತು.

ಭಾರತಕ್ಕೆ ಸಿಎಪಿಡಿ ಬಂದದ್ದು 1991ರಲ್ಲಿ. ಮೂರು ದಶಕ ದಾಟಿದರೂ ನಮ್ಮಲ್ಲಿ ಡಯಾಲಿಸಿಸ್ ಎಂದರೆ ಹಿಮೋಡಯಾಲಿಸಿಸ್ಸೇ, ಅಂದರೆ ರಕ್ತವನ್ನೇ ಹೊರಗೆ ತಂದು ಯಂತ್ರದಲ್ಲಿ ಸೋಸಿ ವಾಪಸ್ ಬಿಡುವುದು. ಸೂಜಿ ಚುಚ್ಚಲು ಕೈಯ ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾ, ದೊಡ್ಡ ಯಂತ್ರ, ನಾಲ್ಕು ಗಂಟೆ ಬೆಡ್ಡು. ದೇಶದಲ್ಲಿ ವರ್ಷಕ್ಕೆ ಸುಮಾರು 2.2 ಲಕ್ಷ ಜನರ ಕಿಡ್ನಿ ಕೊನೆಯ ಹಂತಕ್ಕೆ ಬರುತ್ತದೆ, ಇದರಿಂದ ಹೆಚ್ಚುವರಿಯಾಗಿ 3.4 ಕೋಟಿ ಸಲ ಡಯಾಲಿಸಿಸ್ ಬೇಕಾಗುತ್ತದೆ ಎಂಬ ಲೆಕ್ಕ ಇಟ್ಟುಕೊಂಡು ಕೇಂದ್ರ ಸರ್ಕಾರ 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಿಸಿತು. ಜಿಲ್ಲಾಸ್ಪತ್ರೆಗಳಿಗೆ ಯಂತ್ರ ಬಂದವು. ಕರ್ನಾಟಕದಲ್ಲಿ ತಾಲ್ಲೂಕು ಆಸ್ಪತ್ರೆಗೂ ಬಂದವು. ಇದು ಸಣ್ಣ ಸಾಧನೆ ಅಲ್ಲ. ಮೊದಲು ಬೆಂಗಳೂರು, ಮೈಸೂರು, ಹುಬ್ಬಳ್ಳಿ ಎಂದು ಓಡಬೇಕಿದ್ದವರು ಈಗ ತಮ್ಮ ತಾಲ್ಲೂಕಿನಲ್ಲೇ ದುಡ್ಡಿಲ್ಲದೆ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದಾರೆ.

ಆದರೆ ಹಳ್ಳಿಯಿಂದ ತಾಲ್ಲೂಕಿಗೂ ದಾರಿ ಇದೆ. ವಾರಕ್ಕೆ ಎರಡು ಮೂರು ದಿನ ಬೆಳಗಿನ ಬಸ್ಸು, ಜೊತೆಗೊಬ್ಬರು, ಇಬ್ಬರ ಕೂಲಿಯೂ ಖೋತಾ. ಒಂದು ಸಲದ ಹಿಮೋಡಯಾಲಿಸಿಸ್‌ಗೆ 120 ಲೀಟರಿಗೂ ಜಾಸ್ತಿ ಶುದ್ಧ ನೀರು ಬೇಕು. ಆರ್‌ಒ ಪ್ಲಾಂಟ್ ಕೆಟ್ಟರೆ ಅವತ್ತು ಇಡೀ ಕೇಂದ್ರ ಬಂದ್. 2020ರ ಲಾಕ್‌ಡೌನ್‌ನಲ್ಲಿ ಈ ವ್ಯವಸ್ಥೆ ಎಷ್ಟು ತೆಳು ದಾರದ ಮೇಲೆ ನಿಂತಿದೆ ಎಂದು ಎಲ್ಲರಿಗೂ ಗೊತ್ತಾಯಿತು. ಬಸ್ಸಿಲ್ಲ, ಪಾಸಿಲ್ಲ, ಆದರೆ ಡಯಾಲಿಸಿಸ್ ತಪ್ಪಿಸುವ ಹಾಗಿಲ್ಲ.

ಮನೆಯಲ್ಲೇ ಆಗುವ ಡಯಾಲಿಸಿಸ್ ಎಂದಾಗ ಯಾರಿಗಾದರೂ ಕಿವಿ ನೆಟ್ಟಗಾಗುತ್ತದೆ. ಆದರೆ ಕೆಲವು ಮಾತುಗಳನ್ನು ಮುಚ್ಚಿಡದೆ ಹೇಳಬೇಕು. ಕೈಯಲ್ಲಿ ಮಾಡುವ ಸಿಎಪಿಡಿಗಿಂತ ಯಂತ್ರದ ಎಪಿಡಿಯಿಂದ ಆಯಸ್ಸು ಹೆಚ್ಚುತ್ತದೆ ಎಂದು ಇಷ್ಟು ವರ್ಷದ ಅಧ್ಯಯನಗಳು ಗಟ್ಟಿಯಾಗಿ ತೋರಿಸಿಲ್ಲ. ಸೋಂಕಿನ ವಿಷಯದಲ್ಲೂ ದೊಡ್ಡ ವ್ಯತ್ಯಾಸವಿಲ್ಲ. ಕೆಲವರ ಪೊರೆ ಸಕ್ಕರೆಯನ್ನು ಬೇಗ ಹೀರಿಕೊಳ್ಳುತ್ತದೆ. ಅಂಥವರಿಗೆ ಎಪಿಡಿಯ ಚಿಕ್ಕ ಚಿಕ್ಕ ಸುತ್ತುಗಳು ಹೊಂದುತ್ತವೆ. ಶಾಲೆಗೆ ಹೋಗುವ ಮಕ್ಕಳಿಗೆ ಇದು ವರವೇ. ಉಳಿದವರಿಗೆ ಸಿಗುವ ಲಾಭ ಒಂದೇ: ಹಗಲು ತಮ್ಮದಾಗುತ್ತದೆ. ಅದೇನು ಕಡಿಮೆಯೇ? ಅಂಗಡಿ ಇಟ್ಟುಕೊಂಡವರಿಗೆ, ಮೇಷ್ಟ್ರಿಗೆ, ಆಟೊ ಓಡಿಸುವವರಿಗೆ ಹಗಲು ಉಳಿದರೆ ಸಂಸಾರ ಉಳಿಯುತ್ತದೆ. ಅಧ್ಯಯನದ ಕೋಷ್ಟಕದಲ್ಲಿ ಅದಕ್ಕೊಂದು ಸಾಲು ಸಿಗುವುದು ಕಷ್ಟ, ಅಷ್ಟೇ.

ನಿದ್ದೆಯಲ್ಲೇ ಆಗುತ್ತದೆ ಎನ್ನುವುದೂ ಅರ್ಧ ಸತ್ಯ. ರಾತ್ರಿ ಎರಡಕ್ಕೆ ಯಂತ್ರ ಕೂಗಿಕೊಳ್ಳುತ್ತದೆ. ಮಗ್ಗುಲು ಬದಲಿಸುವಾಗ ಟ್ಯೂಬ್ ಮಡಚಿರುತ್ತದೆ, ಒಳಗಿನ ನೀರು ಹೊರಗೆ ಬರುತ್ತಿರುವುದಿಲ್ಲ. ಎದ್ದು ಬಿಡಿಸಿ, ಬಟನ್ ಒತ್ತಿ ಮತ್ತೆ ಮಲಗಬೇಕು. ಕೆಲವೊಮ್ಮೆ ಕಾರಣ ಇನ್ನೂ ಸರಳ. ಎರಡು ದಿನ ಹೊಟ್ಟೆ ಕಟ್ಟಿದರೆ ತುಂಬಿದ ಕರುಳು ಟ್ಯೂಬನ್ನು ಪಕ್ಕಕ್ಕೆ ತಳ್ಳುತ್ತದೆ. ಲಕ್ಷಗಟ್ಟಲೆ ಬೆಲೆಯ ಯಂತ್ರದ ಅಲಾರ್ಮ್ ನಿಲ್ಲಿಸುವುದು ಆಗ ಮಲಬದ್ಧತೆಯ ಸಿರಪ್ಪು. ಹೊಟ್ಟೆ ಪೂರ್ತಿ ಖಾಲಿಯಾಗುವಾಗ ಕೆಲವರಿಗೆ ಎಳೆದಂತೆ ನೋವು ಬರುತ್ತದೆ. ಅದಕ್ಕೆ ಸ್ವಲ್ಪ ನೀರು ಒಳಗೇ ಉಳಿಸಿಕೊಂಡು ಉಳಿದದ್ದನ್ನು ಬದಲಾಯಿಸುವ ಕ್ರಮವೂ ಯಂತ್ರದಲ್ಲಿದೆ. ಕರೆಂಟ್ ಹೋದರೆ ಯಂತ್ರ ನಿಲ್ಲುತ್ತದೆ. ಹಾಗಾಗಿ ಯುಪಿಎಸ್ ಬೇಕು, ಜೊತೆಗೆ ಕೈಯಲ್ಲಿ ಮಾಡಲು ಬರುವ ಬ್ಯಾಗುಗಳೂ ಮನೆಯಲ್ಲಿರಬೇಕು. ಸೈಕ್ಲರ್ ಕೊಂಡವರು ಸಿಎಪಿಡಿಯನ್ನೂ ಕಲಿತಿರಲೇಬೇಕು.

ಎಲ್ಲಕ್ಕಿಂತ ದೊಡ್ಡ ಭಯ ಪೆರಿಟೋನೈಟಿಸ್, ಅಂದರೆ ಹೊಟ್ಟೆಯ ಆ ಪೊರೆಗೆ ತಗಲುವ ಸೋಂಕು. ಹೊರಬಂದ ನೀರು ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿದ್ದರೆ, ಹೊಟ್ಟೆ ನೋಯುತ್ತಿದ್ದರೆ ಕಾಯುವ ಹಾಗಿಲ್ಲ, ಆ ಬ್ಯಾಗನ್ನೇ ಹಿಡಿದುಕೊಂಡು ಆಸ್ಪತ್ರೆಗೆ ಹೋಗಬೇಕು. ಒಂದು ಕೇಂದ್ರದಲ್ಲಿ ಒಬ್ಬ ರೋಗಿಗೆ ವರ್ಷಕ್ಕೆ ಸರಾಸರಿ 0.4ಕ್ಕಿಂತ ಹೆಚ್ಚು ಸಲ ಈ ಸೋಂಕು ಬರಬಾರದು ಎಂದು ಅಂತರರಾಷ್ಟ್ರೀಯ ಪೆರಿಟೋನಿಯಲ್ ಡಯಾಲಿಸಿಸ್ ಸಂಘ 2022ರಲ್ಲಿ ಗುರಿ ಇಟ್ಟಿದೆ. ಅಂದರೆ ಎರಡೂವರೆ ವರ್ಷಕ್ಕೊಮ್ಮೆ. ಚೆನ್ನಾಗಿ ಕಲಿಸಿದ ಕಡೆ ಇದಕ್ಕಿಂತ ಎಷ್ಟೋ ಕಡಿಮೆ. ಬಚ್ಚಲಿಗೆ ಬಾಗಿಲಿದೆಯಾ, ನಲ್ಲಿಯಲ್ಲಿ ನೀರು ಬರುತ್ತದಾ, ಕೈ ಹಿಡಿದು ಕಲಿಸುವ ನರ್ಸ್ ಇದ್ದಾರಾ, ಇವು ಯಂತ್ರದ ಮಾಡೆಲ್‌ಗಿಂತ ಮುಖ್ಯ.

ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೊಂದು ಮಾತು. ದ್ರಾವಣದ ಗ್ಲೂಕೋಸ್ ಮೈಗೂ ಸೇರುತ್ತದೆ, ವರ್ಷ ಕಳೆದಂತೆ ಪೊರೆಯನ್ನೂ ಹಾಳುಮಾಡುತ್ತದೆ. ಅದಕ್ಕೆ ಬದಲಾಗಿ ಐಕೊಡೆಕ್ಸ್‌ಟ್ರಿನ್ ಎಂಬ ದ್ರಾವಣವಿದೆ. ಆದರೆ ಅದನ್ನು ಬಳಸುವಾಗ ಕೆಲವು ಜಾತಿಯ ಗ್ಲೂಕೋಮೀಟರ್ ಸ್ಟ್ರಿಪ್‌ಗಳು ಸುಳ್ಳೇ ಹೆಚ್ಚು ಶುಗರ್ ತೋರಿಸುತ್ತವೆ. ಅದನ್ನು ನಂಬಿ ಇನ್ಸುಲಿನ್ ಏರಿಸಿದರೆ ಪ್ರಾಣಕ್ಕೇ ಅಪಾಯ. ಯಾವ ಮೀಟರ್ ಬಳಸಬೇಕು ಎಂದು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು.

ಈಗ ಹೊಸದೇನಿದೆ? ಮೊದಲನೆಯದು ದೂರದಿಂದ ನಿಗಾ. ಈಚಿನ ಸೈಕ್ಲರ್‌ಗಳು ರಾತ್ರಿ ಎಷ್ಟು ತುಂಬಿತು, ಎಷ್ಟು ಹೊರಬಂತು, ಎಲ್ಲಿ ಅಲಾರ್ಮ್ ಆಯಿತು ಎಂಬುದನ್ನೆಲ್ಲ ಮೊಬೈಲ್ ನೆಟ್‌ವರ್ಕ್ ಮೂಲಕ ಆಸ್ಪತ್ರೆಗೆ ಕಳಿಸುತ್ತವೆ. ನರ್ಸ್ ಬೆಳಗ್ಗೆ ಕಂಪ್ಯೂಟರ್ ತೆರೆದಾಗ ಮೂರು ದಿನದಿಂದ ನೀರು ಕಡಿಮೆ ಬರುತ್ತಿರುವುದು ಕಾಣುತ್ತದೆ. ಕಾಲು ಊದಿ, ಉಸಿರು ಕಟ್ಟುವ ಮೊದಲೇ ಫೋನ್ ಹೋಗುತ್ತದೆ. ಯಂತ್ರದ ಸೆಟ್ಟಿಂಗನ್ನು ಅಲ್ಲಿಂದಲೇ ಬದಲಿಸಲೂ ಬಹುದು. ಕೊಲಂಬಿಯಾ ದೇಶದಲ್ಲಿ ಹೀಗೆ ನಿಗಾ ಇಟ್ಟವರಲ್ಲಿ ಆಸ್ಪತ್ರೆ ಸೇರುವುದು ಕಡಿಮೆಯಾಯಿತು ಎಂದು 2019ರಲ್ಲಿ ಬಂದ ಅಧ್ಯಯನವೊಂದು ಹೇಳಿತು. ಅಧ್ಯಯನ ನಡೆದದ್ದು ಯಂತ್ರದ ಕಂಪನಿಯದೇ ಕ್ಲಿನಿಕ್ ಜಾಲದಲ್ಲಿ, ಅದನ್ನೂ ನೆನಪಿಟ್ಟುಕೊಂಡು ಓದಬೇಕು. ಆದರೂ ನಮ್ಮಂಥ ರಾಜ್ಯಕ್ಕೆ ಈ ಅನುಕೂಲ ದೊಡ್ಡದೇ. ನೆಫ್ರಾಲಜಿಸ್ಟ್‌ಗಳು, ಅಂದರೆ ಕಿಡ್ನಿ ಡಾಕ್ಟರುಗಳು, ಹೆಚ್ಚಾಗಿ ಬೆಂಗಳೂರು, ಮಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ. ರೋಗಿ ಇರುವುದು ಸುರಪುರದ ಹತ್ತಿರದ ಹಳ್ಳಿಯಲ್ಲಿ. ನಡುವಿನ ದಾರಿಯನ್ನು ಒಂದು ಸಿಮ್ ಕಾರ್ಡ್ ಸ್ವಲ್ಪ ಚಿಕ್ಕದು ಮಾಡಬಲ್ಲದು.

ಇಷ್ಟಾದರೂ ನನ್ನ ಕಣ್ಣು ಇರುವುದು ಯಂತ್ರದ ಮೇಲಲ್ಲ, ಅದರ ತಲೆಯ ಮೇಲಿರುವ ಬ್ಯಾಗಿನ ಮೇಲೆ. ಒಂದು ಸಣ್ಣ ಲೆಕ್ಕ ಹಾಕೋಣ. ಸಿಎಪಿಡಿಗೆ ದಿನಕ್ಕೆ ಎರಡು ಲೀಟರಿನ ಮೂರು ಬ್ಯಾಗು. ತಿಂಗಳಿಗೆ 90 ಬ್ಯಾಗು, 180 ಲೀಟರ್. ಎಪಿಡಿಗೆ ರಾತ್ರಿಗೆ 10 ಲೀಟರ್ ಎಂದು ಹಿಡಿದರೂ ತಿಂಗಳಿಗೆ 300 ಲೀಟರ್. ಅಂದರೆ ಮೂರು ಕ್ವಿಂಟಲ್. ಇದರ ಜೊತೆ ಪ್ರತಿ ರಾತ್ರಿ ಹೊಸ ಟ್ಯೂಬ್ ಮತ್ತು ಕ್ಯಾಸೆಟ್. ಯಂತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಬರಬಹುದು, ದ್ರಾವಣಕ್ಕೆ ಗೂಡ್ಸ್ ಆಟೊ ಬೇಕು. ಇಷ್ಟು ರಟ್ಟಿನ ಪೆಟ್ಟಿಗೆಗಳನ್ನು ಒಂದು ಕೋಣೆಯ ಮನೆಯಲ್ಲಿ ಎಲ್ಲಿ ಇಡುವುದು? ಬಿಸಿಲು ಬೀಳಬಾರದು, ಇಲಿ ಕಡಿಯಬಾರದು, ಮಳೆಗಾಲದಲ್ಲಿ ತೇವ ತಾಗಬಾರದು. ಕೈಯಲ್ಲಿ ಮಾಡುವ ಸಿಎಪಿಡಿಗೇ ನಮ್ಮಲ್ಲಿ ತಿಂಗಳಿಗೆ 20ರಿಂದ 30 ಸಾವಿರ ರೂಪಾಯಿ ಹೋಗುತ್ತದೆ. ಎಪಿಡಿಗೆ ಇನ್ನೂ ಜಾಸ್ತಿ. ಯಂತ್ರವನ್ನು ದಾನಿಗಳು ಕೊಟ್ಟರೂ ತಿಂಗಳು ತಿಂಗಳು ಬ್ಯಾಗು ಕೊಡುವವರು ಯಾರು?

ದುಡ್ಡಿದ್ದರೂ ಬ್ಯಾಗು ಸಿಗದ ದಿನ ಬರಬಹುದು ಎಂಬುದನ್ನು ಅಮೆರಿಕ 2024ರಲ್ಲಿ ಕಂಡಿತು. ಸೆಪ್ಟೆಂಬರ್ ಕೊನೆಗೆ ಹೆಲೀನ್ ಚಂಡಮಾರುತ ಬಂದು ನಾರ್ತ್ ಕೆರೊಲಿನಾದ ಮರಿಯನ್ ಊರಿನ ಹತ್ತಿರ ಬ್ಯಾಕ್ಸ್‌ಟರ್ ಕಂಪನಿಯ ಕಾರ್ಖಾನೆಗೆ ನೀರು ನುಗ್ಗಿತು. ಅಮೆರಿಕಕ್ಕೆ ಬೇಕಾದ ಡ್ರಿಪ್ ದ್ರಾವಣದಲ್ಲಿ ಸುಮಾರು ಶೇ. 60ರಷ್ಟು ಅಲ್ಲಿಂದಲೇ ಹೋಗುತ್ತಿತ್ತು. ಪೆರಿಟೋನಿಯಲ್ ಡಯಾಲಿಸಿಸ್ ದ್ರಾವಣವೂ ಅಲ್ಲೇ ತಯಾರಾಗುತ್ತಿತ್ತು. ಇದ್ದ ರೋಗಿಗಳಿಗೆ ಅಳೆದು ಕೊಡಬೇಕಾಯಿತು, ಹೊಸಬರನ್ನು ಸೇರಿಸಿಕೊಳ್ಳುವುದಕ್ಕೆ ಕಡಿವಾಣ ಬಿತ್ತು, ಹೊರದೇಶಗಳಿಂದ ತರಿಸಿಕೊಂಡರು. ಇದೇ ಅಮೆರಿಕದಲ್ಲಿ 2019ರ ಜುಲೈನಲ್ಲಿ ಅಧ್ಯಕ್ಷರ ಆದೇಶವೊಂದು ಹೊರಟಿತ್ತು. 2025ರ ಹೊತ್ತಿಗೆ ಹೊಸ ರೋಗಿಗಳಲ್ಲಿ ಶೇ. 80 ಮಂದಿ ಮನೆ ಡಯಾಲಿಸಿಸ್ ಇಲ್ಲವೇ ಕಿಡ್ನಿ ಕಸಿ ಕಡೆ ಹೋಗಬೇಕು ಎಂಬುದು ಗುರಿ. ಅದರ ಹತ್ತಿರವೂ ಹೋಗಲಾಗಲಿಲ್ಲ. ಚಂಡಮಾರುತ ಬರುವ ಮೊದಲೇ ಗುರಿ ಕೈಬಿಟ್ಟು ಹೋಗಿತ್ತು ಅನ್ನಿ. ಬ್ಯಾಕ್ಸ್‌ಟರ್ ತನ್ನ ಕಿಡ್ನಿ ವಿಭಾಗವನ್ನೇ ಬೇರ್ಪಡಿಸಿ, 380 ಕೋಟಿ ಡಾಲರಿಗೆ ಕಾರ್ಲೈಲ್ ಎಂಬ ಹೂಡಿಕೆ ಸಂಸ್ಥೆಗೆ ಮಾರಿತು. 2025ರ ಆರಂಭದಿಂದ ಅದು ವ್ಯಾಂಟಿವ್ ಎಂಬ ಪ್ರತ್ಯೇಕ ಕಂಪನಿ. ಜಗತ್ತಿನ ಎಷ್ಟೋ ಹೊಟ್ಟೆಗಳು ಇಂಥ ಎರಡು ಮೂರು ಕಂಪನಿಗಳ ಬ್ಯಾಗನ್ನೇ ನೆಚ್ಚಿಕೊಂಡಿವೆ.

ಹಾಗಾಗಿ ಸಂಶೋಧಕರೂ ನೀರಿನ ಬೆನ್ನು ಹತ್ತಿದ್ದಾರೆ. ಒಂದು ದಾರಿ, ಬಳಸಿದ ದ್ರಾವಣವನ್ನೇ ತೊಳೆದು ಮತ್ತೆ ಬಳಸುವುದು. ಸಿಂಗಪುರದ ಅವಾಕ್ ಕಂಪನಿಯ ಯಂತ್ರ ಮೂರು ಕಿಲೋಗಿಂತ ಕಡಿಮೆ ತೂಕದ್ದು, ಮೈಮೇಲೆ ಹೊತ್ತುಕೊಂಡೇ ತಿರುಗಬಹುದಾದದ್ದು. ಒಳಗಿನ ಕಾರ್ಟ್ರಿಜ್ ದ್ರಾವಣದಲ್ಲಿರುವ ಕಲ್ಮಶ ಹೀರಿಕೊಂಡು ಅದನ್ನೇ ಹೊಟ್ಟೆಗೆ ವಾಪಸ್ ಕಳಿಸುತ್ತದೆ. 2018ರಲ್ಲಿ ಸಿಂಗಪುರ ಜನರಲ್ ಆಸ್ಪತ್ರೆಯಲ್ಲಿ ಮನುಷ್ಯರ ಮೇಲಿನ ಮೊದಲ ಪ್ರಯೋಗ ಮುಗಿಯಿತು. 2019ರಲ್ಲಿ ಅಮೆರಿಕದ ಔಷಧ ಇಲಾಖೆ ಅದನ್ನು ವಿಶೇಷ ಆದ್ಯತೆಯ ಪಟ್ಟಿಗೆ ಸೇರಿಸಿತು. ಆಸೆ ಹುಟ್ಟಿಸುವ ಸುದ್ದಿ. ಆದರೆ ಬ್ಯಾಗಿನ ಜಾಗಕ್ಕೆ ಕಾರ್ಟ್ರಿಜ್ ಬಂದರೆ ಅದರ ಖರ್ಚೂ ತಿಂಗಳ ಖರ್ಚೇ ಅಲ್ವಾ?

ಇನ್ನೊಂದು ದಾರಿ, ಮನೆಯ ನೀರಿನಿಂದಲೇ ದ್ರಾವಣ ತಯಾರಿಸುವುದು. ಕೇಳಲು ಸುಲಭ. ಹಿಮೋಡಯಾಲಿಸಿಸ್‌ನಲ್ಲಿ ನೀರು ಮತ್ತು ರಕ್ತದ ನಡುವೆ ಒಂದು ಕೃತಕ ಜರಡಿ ಇರುತ್ತದೆ. ಇಲ್ಲಿ ದ್ರಾವಣ ನೇರವಾಗಿ ಹೊಟ್ಟೆಯೊಳಗೇ ಹೋಗುತ್ತದೆ. ಇಂಜೆಕ್ಷನ್ ನೀರಿನಷ್ಟು ಶುದ್ಧವಾಗಿರಬೇಕು. ಅಡುಗೆಮನೆಯ ಆರ್‌ಒ ಸಾಲದು. ಸಿಡ್ನಿಯ ಜಾರ್ಜ್ ಇನ್‌ಸ್ಟಿಟ್ಯೂಟ್ ಇದಕ್ಕಾಗಿ ಸ್ಪರ್ಧೆಯನ್ನೇ ಇಟ್ಟಿತ್ತು. ಯಂತ್ರದ ಬೆಲೆ 1000 ಡಾಲರ್ ದಾಟಬಾರದು, ದಿನದ ಖರ್ಚು 5 ಡಾಲರ್ ಮೀರಬಾರದು ಎಂಬುದು ಷರತ್ತು. 2016ರಲ್ಲಿ ಐರ್ಲೆಂಡಿನ ಎಂಜಿನಿಯರ್ ಒಬ್ಬರು ಗೆದ್ದರು. ಎಲ್ಲಿಯ ನೀರನ್ನಾದರೂ ಶುದ್ಧ ಮಾಡಿ ದ್ರಾವಣಕ್ಕೆ ಒದಗಿಸುವ, ಸೋಲಾರಿನಲ್ಲೂ ನಡೆಯುವ ಪುಟ್ಟ ಯಂತ್ರದ ಕಲ್ಪನೆ ಅವರದು. ನನಗೆ ಭವಿಷ್ಯ ಎಂದರೆ ಇದೇ ಅನಿಸುತ್ತದೆ. ಬ್ಲೂಟೂತ್ ಇರುವ ಇನ್ನೊಂದು ಸೈಕ್ಲರ್‌ಗಿಂತ ಇದು ಬಂದರೆ ಲೆಕ್ಕವೇ ಬದಲಾಗುತ್ತದೆ. ಆದರೆ ಹತ್ತು ವರ್ಷವಾಗುತ್ತ ಬಂದರೂ ಅದು ನಮ್ಮ ಮನೆ ಬಾಗಿಲಿಗೆ ಬಂದಿಲ್ಲ. ಅಲ್ಲಿಯವರೆಗೆ ಸುಮ್ನೆ ಕಾಯುತ್ತಾ ಕೂರಲಾಗದು.

ಕಾಯದೆ ಕೆಲಸ ಮಾಡಿದವರಿದ್ದಾರೆ. ಹಾಂಗ್‌ಕಾಂಗ್ 1985ರಿಂದಲೇ ಮೊದಲ ಆಯ್ಕೆ ಹೊಟ್ಟೆ ಡಯಾಲಿಸಿಸ್ ಎಂಬ ನೀತಿ ಇಟ್ಟುಕೊಂಡಿದೆ. ಅಲ್ಲಿ ಬಹುಪಾಲು ಜನ ದಶಕಗಳ ಕಾಲ ಮಾಡಿದ್ದು ಕೈಯಲ್ಲೇ, ಯಂತ್ರವಿಲ್ಲದೆ. ಥಾಯ್ಲೆಂಡ್ 2008ರಲ್ಲಿ ಅದೇ ದಾರಿ ಹಿಡಿಯಿತು. 2022ರಲ್ಲಿ ರೋಗಿಗಳೇ ಆರಿಸಿಕೊಳ್ಳಲಿ ಎಂದು ಬಿಟ್ಟಾಗ ತುಂಬ ಜನ ಹಿಮೋಡಯಾಲಿಸಿಸ್ ಕಡೆ ವಾಲಿದರು. ಸಿಕ್ಕ ಅವಕಾಶದಲ್ಲಿ ಜನ ಹೀಗೇಕೆ ವಾಲುತ್ತಾರೆ ಎಂಬುದನ್ನೂ ಯೋಚಿಸಬೇಕು. ದಿನಾ ರಾತ್ರಿ ತಾನೇ ನರ್ಸ್ ಆಗುವುದು ಎಲ್ಲರಿಗೂ ಇಷ್ಟವಾಗುವುದಿಲ್ಲ. ಫ್ರಾನ್ಸ್‌ನಲ್ಲಿ ವಯಸ್ಸಾದವರ ಮನೆಗೆ ನರ್ಸ್ ಹೋಗಿ ಟ್ಯೂಬ್ ಜೋಡಿಸಿ ಬರುವ ಪದ್ಧತಿ ಎಷ್ಟೋ ವರ್ಷದಿಂದ ಇದೆ. ಎಪಿಡಿಯಾದರೆ ಸಂಜೆ ಒಂದು ಸಲ ಜೋಡಿಸಿ, ಬೆಳಗ್ಗೆ ಒಂದು ಸಲ ಬಿಚ್ಚಿದರೆ ಸಾಕು. ನಮ್ಮಲ್ಲಿ ಯಂತ್ರಕ್ಕೆ ನಿಜವಾದ ಅರ್ಥ ಬರುವುದು ಇಂಥ ಕಡೆ.

ಪಕ್ಕದ ಕೇರಳ ಈಚೆಗೆ ಸರ್ಕಾರಿ ಖರ್ಚಿನಲ್ಲೇ ಮನೆಗೆ ಬ್ಯಾಗು ಕೊಡುವ ಯೋಜನೆ ಶುರುಮಾಡಿದೆ. ಕೇಂದ್ರವೂ 2019ರಲ್ಲೇ ಪೆರಿಟೋನಿಯಲ್ ಡಯಾಲಿಸಿಸ್‌ಗೆ ಮಾರ್ಗಸೂಚಿ ಹೊರಡಿಸಿದೆ. ನಮ್ಮಲ್ಲಿ ಕಡತ ಇದ್ದರೂ ದಾರಿ ತಪ್ಪುವುದು ಬೇರೆಲ್ಲೋ ಅಲ್ಲ, ಕ್ಯಾಶುವಾಲ್ಟಿಯಲ್ಲಿ. ಹೆಚ್ಚಿನವರಿಗೆ ಕಿಡ್ನಿ ಹೋಗಿದೆ ಎಂದು ಗೊತ್ತಾಗುವುದು ಉಸಿರು ಕಟ್ಟಿ ಆಸ್ಪತ್ರೆಗೆ ಬಂದ ರಾತ್ರಿ. ಕುತ್ತಿಗೆಗೆ ಟ್ಯೂಬ್ ಹಾಕಿ ಅವತ್ತೇ ಹಿಮೋಡಯಾಲಿಸಿಸ್ ಶುರು. ಹೊಟ್ಟೆಯ ಟ್ಯೂಬ್ ಹಾಕಿದರೆ ಗಾಯ ಮಾಯಲು ಸಾಮಾನ್ಯವಾಗಿ ಎರಡು ವಾರ ಬಿಡುತ್ತಾರೆ. ಅಷ್ಟು ವ್ಯವಧಾನ ಯಾರಿಗೂ ಇರುವುದಿಲ್ಲ. ಒಮ್ಮೆ ಆ ಬೆಡ್ಡಿಗೆ ಹೊಂದಿಕೊಂಡವರು ಮತ್ತೆ ಬದಲಾಗುವುದು ಕಡಿಮೆ. ಕ್ರಿಯಾಟಿನಿನ್ ಏರುತ್ತಿರುವಾಗಲೇ, ಮೂತ್ರ ಇನ್ನೂ ಸ್ವಲ್ಪ ಬರುತ್ತಿರುವಾಗಲೇ ಮಾತಾಡಿದರೆ ದಿನಕ್ಕೆ ಒಂದೆರಡು ಬ್ಯಾಗಿನಿಂದಲೇ ಶುರುಮಾಡಬಹುದು. ಖರ್ಚೂ ಅರ್ಧ, ಹೊರೆಯೂ ಅರ್ಧ. ಹೀಗೆ ನಿಧಾನವಾಗಿ ಏರಿಸುವ ಕ್ರಮವನ್ನು ಈಗ ತಜ್ಞರೂ ಒಪ್ಪುತ್ತಾರೆ.

ಥಾಯ್ಲೆಂಡಿನ ಒಂದು ಸಂಗತಿ ಮಾತ್ರ ನನ್ನ ತಲೆಯಿಂದ ಹೋಗುತ್ತಿಲ್ಲ. ಅಲ್ಲಿ ದ್ರಾವಣದ ಪೆಟ್ಟಿಗೆಗಳನ್ನು ರೋಗಿಗಳ ಮನೆಗೆ ತಲುಪಿಸಿದ್ದು ಅಂಚೆ ಇಲಾಖೆ. ಸರ್ಕಾರಿ ಔಷಧ ಸಂಸ್ಥೆ ಒಟ್ಟಿಗೆ ಕೊಂಡು ಬೆಲೆ ಇಳಿಸಿತು, ಅಂಚೆಯವರು ತಿಂಗಳಿಗೊಮ್ಮೆ ಹಳ್ಳಿಹಳ್ಳಿಗೆ ಮುಟ್ಟಿಸಿದರು. ನಮ್ಮ ಅಂಚೆಯಣ್ಣನ ಸೈಕಲ್ಲಿಗೆ ಮೂರು ಕ್ವಿಂಟಲ್ ಹೊರಿಸುವಂತಿಲ್ಲ, ನಿಜ. ಆದರೆ ಪ್ರತಿ ತಿಂಗಳು ಲಾರಿ ತುಂಬ ಪಡಿತರ ಅಕ್ಕಿ ನಮ್ಮ ಹಳ್ಳಿಹಳ್ಳಿಯ ನ್ಯಾಯಬೆಲೆ ಅಂಗಡಿಗೆ ಬಂದು ಇಳಿಯುತ್ತಲೇ ಇದೆ. ಅದರ ಮೂಲೆಯಲ್ಲಿ ಹತ್ತಿಪ್ಪತ್ತು ರಟ್ಟಿನ ಪೆಟ್ಟಿಗೆಗೆ ಜಾಗವಿಲ್ಲವೇ?